ಸಿಸ್ಟರಮ್ಮನ ಸೈಕಲ್ಲಿಗೆ ಕಾರ್ಬನ್ ಗಾಲಿ

ಸೈಕಲ್ಲು ಯಾಕೋ ಭಾರವಾಗಿದೆ ಎಂದು ಸಿಸ್ಟರಮ್ಮನಿಗೆ ಮೊದಲ ಸಲ ಅನ್ನಿಸಿದ್ದು ಎರಡನೇ ಮಹಡಿಯ ತಿರುವಿನಲ್ಲಿ. ಹೆರಿಗೆ ವಾರ್ಡಿನ ಪಾಳಿ ಮುಗಿಸಿ ಬಂದು, ಎಂದಿನಂತೆ ಕೆಳಗೆ ಅದನ್ನು ಮಡಚಿ, ಸೀಟಿನಡಿಗೆ ಕೈ ಕೊಟ್ಟು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ತಿರುವಿಗೆ ಬರುವಷ್ಟರಲ್ಲಿ ತೋಳು ಮಾತು ಕೇಳಲಿಲ್ಲ. ಸೈಕಲ್ಲನ್ನು ನೆಲಕ್ಕಿಳಿಸಿ, ಗೋಡೆಗೆ ಒರಗಿ, ಇದರೊಳಗೆ ಯಾರಾದರೂ ಕಲ್ಲು ತುಂಬಿದ್ದಾರೋ ಹೇಗೆ ಎಂಬಂತೆ ಅದನ್ನೇ ದಿಟ್ಟಿಸಿದಳು.

ಅವಳ ಮನೆ ಮೂರನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಕೆಳಗೆ ಕಂಬಕ್ಕೆ ಬೀಗ ಹಾಕಿಟ್ಟ ಸೈಕಲ್ಲುಗಳಿಗೆ ಬೆಳಗಾಗುವುದರೊಳಗೆ ಕಾಲು ಬಂದುಬಿಡುತ್ತಿತ್ತು. ಅದಕ್ಕೇ ಅವಳು ಪುಟ್ಟ ಗಾಲಿಯ, ಮಡಚುವ ಸೈಕಲ್ಲು ಕೊಂಡಿದ್ದು. ಎತ್ತರದ ಆಳಲ್ಲ ಅವಳು. ದೊಡ್ಡ ಸೈಕಲ್ಲಿನ ಮೇಲೆ ಕೂತರೆ ಬೇಲಿ ಹತ್ತಿದ ಹಾಗೆ ಕಾಣುತ್ತಾಳೆ ಎಂದು ಗಂಡ ಗೇಲಿ ಮಾಡುತ್ತಿದ್ದ. ಈ ಪುಟ್ಟದು ಮಾತ್ರ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಅವಳಿಗೆ ಒಪ್ಪಿತ್ತು. ಅದರ ಮೇಲೆ ಕೂತು ಬೀದಿಯ ತಿರುವಿನಲ್ಲಿ ಅವಳು ಮರೆಯಾಗುವಾಗ, ಹಾಲಿನಂಗಡಿಯವನಿಂದ ಹಿಡಿದು ಕಸ ಗುಡಿಸುವಾಕೆಯವರೆಗೆ ಎಲ್ಲರೂ, "ಸಿಸ್ಟರಮ್ಮ ಹೊರಟ್ರು" ಅನ್ನುವರು. ಆ ಬೀದಿಯ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ ಅವಳದು. ಅವಳ ಕೈಗುಣ ಒಳ್ಳೆಯದು ಎಂದು ಹೆಸರಾಗಿತ್ತು.

ಗಂಡನಿಗೆ ಕನ್ನಡಕದಂಗಡಿ. ಕಣ್ಣಿಗೆ ಗಾಜು ಕೂರಿಸಿ, ತೆಗೆದು, "ಪಾಯಿಂಟ್ ಎರಡು ಐದಾ, ಪಾಯಿಂಟ್ ಐದಾ? ಯಾವುದು ಚೆನ್ನಾಗಿ ಕಾಣುತ್ತೆ?" ಎಂದು ಕೇಳಿ ಕೇಳಿ, ಮನೆಯಲ್ಲೂ ಅವನ ಮಾತು ಹಾಗೇ ಆಗಿತ್ತು. ಗೆಳೆಯರು ಅವನನ್ನು ಪಾಯಿಂಟು ಎಂದೇ ಕರೆಯುತ್ತಿದ್ದರು.

"ರೀ, ಸೈಕಲ್ ಯಾಕೋ ತೂಕ ಜಾಸ್ತಿ ಆಗಿದೆ," ಎಂದಳು ಅವಳು ಅವತ್ತು.

"ತಿಂದು ದಪ್ಪ ಆಗೋಕೆ ಅದೇನು ನಾನಾ?" ಎನ್ನುತ್ತಲೇ ಅವನು ಕೊಕ್ಕೆಯ ತಕ್ಕಡಿ ತಂದು ಸೈಕಲ್ಲನ್ನು ತೂಗುಹಾಕಿ ನೋಡಿದ. "ತಂದ ದಿನ ಎಷ್ಟಿತ್ತೋ ಅಷ್ಟೇ ಇದೆ. ಕೂದಲಿನಷ್ಟೂ ಹೆಚ್ಚಿಲ್ಲ."

"ಹಾಗಾದ್ರೆ ನಿಮ್ಮ ತಕ್ಕಡಿ ಕೆಟ್ಟಿದೆ."

ಮೂಲೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅತ್ತೆ ನಕ್ಕರು. ಅವನೂ ನಕ್ಕ. ಅವಳೂ ನಕ್ಕಳು.

ಆಮೇಲೆ ಒಂದು ದಿನ ವಾರ್ಡಿನಲ್ಲಿ ಇಂಜೆಕ್ಷನ್ನಿನ ಪುಟ್ಟ ಗಾಜಿನ ಬಾಟಲಿಯ ಕತ್ತು ಮುರಿಯಲು ಹೋದರೆ ಹೆಬ್ಬೆರಳಿಗೆ ಬಲವೇ ಇಲ್ಲ. ಪಕ್ಕದ ನರ್ಸಿನ ಕೈಗೆ ಕೊಟ್ಟು, "ನೀನು ಮಾಡು, ನಂಗೆ ಬೆರಳು ಕುಯ್ದಿದೆ" ಎಂದು ಸುಳ್ಳು ಹೇಳಿದಳು. ಇನ್ನೊಂದು ದಿನ ಯೂನಿಫಾರ್ಮಿನ ಗುಂಡಿ ಹಾಕಲು ಆಗಲಿಲ್ಲ. ಅಂಗೈಯಲ್ಲಿ, ಹೆಬ್ಬೆರಳಿನ ಬುಡದಲ್ಲಿ, ತುಂಬಿಕೊಂಡಿರಬೇಕಾದ ಜಾಗ ಗುಳಿ ಬಿದ್ದಿತ್ತು. ಅದನ್ನು ಕಂಡ ದಿನ ಅವಳು ವಾರ್ಡಿನ ಬಚ್ಚಲಿನಲ್ಲಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ನರ್ಸಿಂಗ್ ಕಲಿಯುವಾಗ ಹೀಗೇ ಸ್ನಾಯುಗಳು ಸೊರಗುತ್ತಿದ್ದ ಒಬ್ಬ ರೋಗಿಯನ್ನು ಅವಳು ನೋಡಿಕೊಂಡಿದ್ದಳು. ಮೊದಲು ಕೈ, ಆಮೇಲೆ ಕಾಲು, ಆಮೇಲೆ ಗಂಟಲು, ಕೊನೆಗೆ ಉಸಿರು. ಅದು ಹೋಗುವ ದಾರಿ ಅವಳಿಗೆ ಗೊತ್ತಿತ್ತು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ನರಗಳ ಡಾಕ್ಟರು ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಮೇಜಿನ ಮೇಲಿನ ಪೆನ್ನನ್ನು ಅತ್ತಿಂದಿತ್ತ ಸರಿಸುತ್ತ, ಕಾಯಿಲೆಯ ಹೆಸರು ಹೇಳಿದರು. ಗುಣವಾಗುವ ಮದ್ದಿಲ್ಲ ಎಂದರು. "ಕೆಲವರಲ್ಲಿ ನಿಧಾನವಾಗಿ ಹೋಗುತ್ತೆ," ಎಂದೂ ಸೇರಿಸಿದರು. ಅವಳಿಗೆ ಎಲ್ಲವೂ ಕೇಳಿಸಿತು. ಅವನು ಮಾತ್ರ ಆ ಕೊನೆಯ ಮಾತಿಗೆ ಜೋತುಬಿದ್ದ. ಮನೆಗೆ ಬಂದವನು ಚಪ್ಪಲಿ ಕೂಡ ಬಿಡದೆ ಸೈಕಲ್ಲನ್ನು ನಡುಮನೆಗೆ ಎಳೆದುಕೊಂಡು ಬಂದು, "ಇದನ್ನ ಹಗುರ ಮಾಡೋಣ ಕಣೇ," ಎಂದ.

ಅದಕ್ಕೆ ಕಾರಣವೂ ಇತ್ತು. ಹಿಂದೊಂದು ದಿನ, ಅವಳು ಮೆಟ್ಟಿಲಲ್ಲಿ ಏದುಸಿರು ಬಿಡುವುದನ್ನು ಕಂಡು, "ಬಿಡು, ಇನ್ಮೇಲೆ ನಾನು ಹೊತ್ತು ತರ್ತೀನಿ" ಎಂದಿದ್ದ. ಅವಳು ಎಂದೂ ಇಲ್ಲದಷ್ಟು ಕಟುವಾಗಿ, "ನೀವು ಹೊರೋ ದಿನ ನಾನು ಓಡಿಸೋದು ಬಿಟ್ಟೆ ಅಂತ ತಿಳ್ಕೊಳ್ಳಿ," ಎಂದುಬಿಟ್ಟಿದ್ದಳು. ಅವನು ಮತ್ತೆ ಆ ಮಾತೆತ್ತಲಿಲ್ಲ. ಹೊರುವಂತಿಲ್ಲ ಎಂದ ಮೇಲೆ ಅವನಿಗೆ ಉಳಿದದ್ದು ಹಗುರ ಮಾಡುವುದೊಂದೇ.

ಸೀಟು ಬದಲಾಯಿತು. ಸೀಟಿನ ಕೊಳವೆ ಬದಲಾಯಿತು. ಪೆಡಲುಗಳು, ಹ್ಯಾಂಡಲ್ಲು, ಕೊನೆಗೆ ಬೋಲ್ಟುಗಳು ಕೂಡ. ಹಿಂದಿನ ಕ್ಯಾರಿಯರ್ ಹೋಯಿತು. ಬೆಲ್ಲನ್ನೂ ಬಿಚ್ಚಿ, "ಬಾಯಲ್ಲೇ ಕೂಗು, ಅದಕ್ಕೆ ತೂಕ ಇಲ್ಲ," ಎಂದ. ಪ್ರತಿ ಸಲವೂ ಒಂದೆರಡು ದಿನ ಸೈಕಲ್ಲು ಅವಳ ಕೈಯಲ್ಲಿ ನಿಜಕ್ಕೂ ಹೂವಿನಂತಿರುತ್ತಿತ್ತು. ಅವಳು ಮೇಲೆ ಬಂದು, ಉಸಿರು ಬಿಗಿಹಿಡಿದು, "ಭೇಷ್ ರೀ, ಗೊತ್ತೇ ಆಗಲ್ಲ" ಎನ್ನುವಳು. ಅವನ ಮುಖ ಅರಳುವುದು. ಆದರೆ ಅವನು ಒಂದು ಹಿಡಿ ಇಳಿಸಿದರೆ ಅವಳ ತೋಳು ಎರಡು ಹಿಡಿ ಸೋಲುತ್ತಿತ್ತು. ಮತ್ತೆ ಅದೇ ತಿರುವಿನಲ್ಲಿ ಇಳಿಸುವಳು. ಆಮೇಲೆ ಅದಕ್ಕೂ ಕೆಳಗಿನ ತಿರುವಿನಲ್ಲಿ.

ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಒಂದು ಭಾನುವಾರ ಅವನು ನೆಲದ ಮೇಲೆ ಕೂತು, ಯಾವುದೋ ತುಣುಕಿಗೆ ಅರ ಹಾಕಿ ಉಜ್ಜುತ್ತಿದ್ದಾಗ ಅವರಿಗೆ ತಡೆಯಲಾಗಲಿಲ್ಲ.

"ಲೋ, ಸೋಲ್ತಿರೋದು ಅವಳ ಕೈ. ನೀನು ಸೈಕಲ್ ಕೆರೀತಾ ಕೂತಿದ್ದೀಯಲ್ಲೋ."

"ಅಮ್ಮ, ನಿಂಗೆ ಇದೆಲ್ಲ ಗೊತ್ತಾಗಲ್ಲ."

"ಗೊತ್ತಾಗದೇ ಇರೋದು ಯಾರಿಗೆ ಅಂತ ನಂಗೊತ್ತು," ಎಂದು ಅತ್ತೆ ಎದ್ದು ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಅವರು ಸೊಸೆಯ ಕೋಣೆಗೆ ಬಂದು, ಅವಳ ಯೂನಿಫಾರ್ಮಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿ, ಕಾಲರು ಸರಿಮಾಡಿ ಹೋದರು. ಅಲ್ಲಿಂದಾಚೆಗೆ ದಿನವೂ ಹಾಗೇ. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಕೊನೆಗೆ ಉಳಿದದ್ದು ಗಾಲಿಗಳು. ಅವನು ಗಾಲಿಯ ಹುಚ್ಚು ಹಿಡಿಸಿಕೊಂಡ. ಊಟದ ತಟ್ಟೆಯ ಮುಂದೆಯೂ ಅದೇ ಮಾತು. ಅಲ್ಯೂಮಿನಿಯಂ ರಿಮ್ಮಿಗೂ ಕಾರ್ಬನ್ ಫೈಬರ್ ರಿಮ್ಮಿಗೂ ಎಷ್ಟು ವ್ಯತ್ಯಾಸ, ಅಂಚಿನ ತೂಕ ಇಳಿದರೆ ಹೊರುವುದಕ್ಕಷ್ಟೇ ಅಲ್ಲ ತುಳಿಯುವುದಕ್ಕೂ ಎಷ್ಟು ಸಲೀಸು, ಇಪ್ಪತ್ತಿಂಚು ಎಂದು ಕರೆಸಿಕೊಳ್ಳುವ ಗಾಲಿಗಳಲ್ಲೇ ಒಂದಕ್ಕೊಂದು ಹೊಂದದ ಎರಡು ಅಳತೆಗಳು ಹೇಗಿವೆ, ತಪ್ಪಿ ಇನ್ನೊಂದನ್ನು ತಂದರೆ ಬ್ರೇಕಿನ ರಬ್ಬರು ರಿಮ್ಮಿಗೆ ಮುಟ್ಟುವುದೇ ಇಲ್ಲ... ಅವಳು ಕೇಳಿಸಿಕೊಳ್ಳುತ್ತ, ಚಮಚವನ್ನು ಮುಷ್ಟಿಯಲ್ಲಿ ಹಿಡಿದು ನಿಧಾನವಾಗಿ ಉಣ್ಣುತ್ತಿದ್ದಳು. ತಮಾಷೆಯೆಂದರೆ, ಅವನಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಚರಂಡಿಗೆ ಬಿದ್ದವನು ಮತ್ತೆ ಹತ್ತಿರಲಿಲ್ಲ.

ಅಳೆದು ಸುರಿದು ಎರಡು ಜೊತೆಗಳಿಗೆ ಬಂದು ನಿಂತ. ಒಂದರ ರಿಮ್ಮು ಅಂಗೈಯಗಲ, ಕಪ್ಪಗೆ ಮಿರಮಿರ ಮಿಂಚುವಂಥದ್ದು. ಕಡ್ಡಿಗಳು ಕಡಿಮೆ, ನಡುವಿನ ಹಬ್ಬು ಹಕ್ಕಿಯ ಮೂಳೆಯಷ್ಟು ಸಪೂರ. ಇನ್ನೊಂದರದು ಬರಿಯ ಎರಡು ಬೆರಳಗಲದ ಸಾದಾ ರಿಮ್ಮು. ಅದನ್ನು ಕಡ್ಡಿ ಕಟ್ಟಿಸಿ ಮಾಡಿಸಿಕೊಳ್ಳಬೇಕು. ಅವನ ಮನಸ್ಸು ಮೊದಲನೆಯದರ ಮೇಲೆ. ಅದು ತುಸು ಹಗುರ.

"ನೀನೇ ಬಂದು ನೋಡು. ಕೈಗೆ ತಗೊಂಡು ನೋಡು," ಎಂದ.

ಅವಳು ಅವನಿಗೆ ಹೇಳದ ಒಂದು ಸಂಗತಿ ಇತ್ತು. ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಇಳಿಜಾರು. ಕೆಲವು ವಾರಗಳಿಂದ ಅಲ್ಲಿ ಅವಳು ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಬರುತ್ತಿದ್ದಳು. ಒಂದು ದಿನ ಸೋಮಾರಿತನಕ್ಕೆ ಇಳಿಯದೆ ಬಂದಾಗ, ಬ್ರೇಕು ಎಷ್ಟು ಹಿಂಡಿದರೂ ಗಾಲಿ ನಿಲ್ಲದೆ, ಬೂಟಿನ ಅಟ್ಟೆಯನ್ನು ರಸ್ತೆಗೆ ಒತ್ತಿ ಒತ್ತಿ, ಹಣ್ಣಿನ ಗಾಡಿಯೊಂದಕ್ಕೆ ಮೊಳದಷ್ಟು ದೂರದಲ್ಲಿ ನಿಂತಿದ್ದಳು. ಗಾಡಿಯವನು ಬೈದ. ಅವಳು ಕ್ಷಮೆ ಕೇಳಿ, ಮೂಲೆಗೆ ಹೋಗಿ ಕೂತಿದ್ದಳು.

ಗಾಲಿಯಂಗಡಿ ಹಳೆಯ ಗೋದಾಮೊಂದರ ಮೂಲೆಯಲ್ಲಿತ್ತು. ಗೋಡೆಯ ತುಂಬ ರಿಮ್ಮುಗಳು ಬಳೆಯಂಗಡಿಯ ಬಳೆಗಳಂತೆ ತೂಗುತ್ತಿದ್ದವು. ಗಾಲಿ ಕಟ್ಟುವಾಕೆ ಅಗಲ ಭುಜದ, ಮೋಟುಕೂದಲಿನ ಹೆಂಗಸು. ಊರಿಗೆಲ್ಲ ಅವಳು ಕಡ್ಡಿಯಕ್ಕ. ಕಟ್ಟುವುದು ಕಡ್ಡಿ, ಆಡುವ ಮಾತೂ ಕಡ್ಡಿ ಮುರಿದ ಹಾಗೆ.

ಅವನು ತಾನು ಆರಿಸಿದ ರಿಮ್ಮನ್ನು ತೆಗೆಸಿ ಹೆಂಡತಿಯ ಕೈಗೆ ಕೊಡಿಸಿದ. ಅವಳು ಅದನ್ನು ಎರಡೂ ಅಂಗೈಗಳ ಮೇಲೆ ತೂಗಿಸಿಕೊಂಡಳು. ಯಾವ ತೂಕವನ್ನೂ ಅವಳು ಕೂಸುಗಳಿಂದಲೇ ಅಳೆಯುವವಳು. ತಿಂಗಳು ತುಂಬದೆ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗುವ ಕೂಸು ಕೂಡ ಇದಕ್ಕಿಂತ ಭಾರ. ಬೆರಳಿನಿಂದ ತಟ್ಟಿದರೆ ಒಣ ಸೋರೆಬುರುಡೆಯಂತೆ ಟೊಳ್ಳು ಸದ್ದು.

"ಯಾರು ಓಡಿಸೋದು? ಎಲ್ಲಿ?" ಎಂದು ಕೇಳಿದಳು ಕಡ್ಡಿಯಕ್ಕ.

"ಇವಳೇ. ಆಸ್ಪತ್ರೆಗೆ, ವಾಪಸ್ ಮನೆಗೆ. ಮೂರನೇ ಮಹಡಿಗೆ ಹೊರಬೇಕು, ಅದಕ್ಕೇ..." ಎಂದು ಅವನು ಶುರುಮಾಡಿದ.

"ನಾನು ಅವರನ್ನ ಕೇಳಿದ್ದು."

ಸಿಸ್ಟರಮ್ಮ ರಿಮ್ಮನ್ನು ಮೇಜಿನ ಮೇಲಿಟ್ಟಳು. "ಅವರು ಹೇಳಿದ್ದೇ. ದಾರೀಲಿ ಒಂದು ಇಳಿಜಾರಿದೆ."

ಅವಳು ರಿಮ್ಮನ್ನು ಬೆರಳಿನಿಂದ ಹಿಡಿಯದೆ ಅಂಗೈಗಳಿಂದಲೇ ಇಟ್ಟ ಬಗೆಯನ್ನು ಕಡ್ಡಿಯಕ್ಕ ನೋಡಿದ್ದಳು. ಅವರು ತಂದಿದ್ದ ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಹಿಂದಿನ ಗಾಲಿಯನ್ನು ಜೋರಾಗಿ ತಿರುಗಿಸಿಬಿಟ್ಟಳು. "ಬ್ರೇಕ್ ಹಿಡೀರಿ."

ಸಿಸ್ಟರಮ್ಮ ಹಿಡಿದಳು. ಗಾಲಿ ತಿರುಗುತ್ತಲೇ ಇತ್ತು. ಇನ್ನೊಂದು ಕೈಯನ್ನೂ ತಂದು, ಎರಡೂ ಕೈಯಿಂದ ಒಂದೇ ಬ್ರೇಕನ್ನು ಹಿಂಡಿದಳು. ಕತ್ತಿನ ನರ ಉಬ್ಬಿದವು. ರಬ್ಬರು ರಿಮ್ಮನ್ನು ಸವರಿ ಸವರಿ ಸುಯ್ ಎಂದಿತು. ಗಾಲಿ ತನ್ನ ಪಾಡಿಗೆ ತಿರುಗಿ, ದಣಿದು, ತಾನಾಗಿಯೇ ನಿಂತಿತು.



"ಇಳಿಜಾರಲ್ಲಿ ಹೇಗೆ ಬರ್ತೀಯ?" ಎಂದು ಅವನು ಕೇಳಿದ. ಅವನ ದನಿ ಬೇರೆಯಾಗಿತ್ತು.

"ಇಳಿದು ತಳ್ಕೊಂಡು ಬರ್ತೀನಿ."

"ಎಷ್ಟು ದಿನದಿಂದ?"

ಅವಳು ಬ್ರೇಕಿನ ಹಿಡಿಯಿಂದ ಕೈ ತೆಗೆದಳು.

ಕಡ್ಡಿಯಕ್ಕ ಒಂದು ಸ್ಟೂಲು ಎಳೆದು ಅವಳ ಮುಂದಿಟ್ಟು, ತಾನು ನಿಂತೇ ಹೇಳಿದಳು: "ನೋಡಿ, ಕಾರ್ಬನ್ ರಿಮ್ ಒದ್ದೆ ಆದ್ರೆ ಇನ್ನೂ ಗಟ್ಟಿ ಹಿಂಡಬೇಕು. ಗಾಲಿ ಚಿಕ್ಕದು, ಬೇಗ ಕಾಯುತ್ತೆ ಬೇರೆ. ಬೆರಳಲ್ಲಿ ಬಲ ಇಲ್ದೇ ಇದ್ರೆ ಇದನ್ನ ನಾನು ಹಾಕ್ಕೊಡಲ್ಲ. ಡಿಸ್ಕ್ ಬ್ರೇಕ್ ಆದ್ರೆ ಒಂದು ಬೆರಳು ಸಾಕು. ಆದ್ರೆ ನಿಮ್ಮ ಸೈಕಲ್ಲಿಗೆ ಅದು ಕೂರಲ್ಲ. ಬೇರೆ ಸೈಕಲ್ಲೇ ಬೇಕು, ಅದು ಇದಕ್ಕಿಂತ ಭಾರ."

"ಬ್ರೇಕಿನ ರಬ್ಬರು ಬೇರೆ ಥರದ್ದು ಬರುತ್ತೆ ಅಲ್ವಾ," ಎಂದ ಅವನು. "ಮೆತ್ತನೇದು. ಬ್ರೇಕಿನ ಹಿಡಿ ಸ್ವಲ್ಪ ಉದ್ದಂದು ಹಾಕಿದ್ರೆ... ಒಂದು ಪಾಯಿಂಟ್ ಐದರಷ್ಟು ಬಲ ಜಾಸ್ತಿ..." ಅಲ್ಲಿಗೆ ನಿಂತ. ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸತೊಡಗಿದ. ಗಿರಾಕಿಗಳು ಹಾಗೆ ಮಾಡಿದರೆ ಗಾಜು ಗೀಚಿಹೋಗುತ್ತದೆ ಎಂದು ರೇಗುವ ಮನುಷ್ಯ, ಒರೆಸಿದ್ದನ್ನೇ ಒರೆಸುತ್ತ ನಿಂತ.

ಇಷ್ಟು ತಿಂಗಳೂ ಅವನು ಕಾಯಿಲೆಯ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅದಕ್ಕೆ ಅವಳಿಗೆ ಸಿಟ್ಟು ಬಂದದ್ದೂ ಉಂಟು. ಈಗ ನೋಡಿದರೆ ಅವನು ಬಿಚ್ಚಿದ ಒಂದೊಂದು ಬೋಲ್ಟೂ ಅವನು ಆಡದೆ ನುಂಗಿದ ಮಾತು.

"ವಾರ್ಡಿಗೆ ಇನ್ನು ಹೋಗಲ್ಲ ರೀ," ಎಂದಳು. "ಮೇಟ್ರನ್ ಹತ್ರ ಮಾತಾಡಿದ್ದೀನಿ. ಕೂಸು ಎತ್ತೋ ಕೈ ಇದು. ಜಾರಿದ್ರೆ?"

ಅವನು ತಲೆ ಎತ್ತಲಿಲ್ಲ.

"ಆದ್ರೆ ಓಡಿಸೋದು ಬಿಡಲ್ಲ. ಕಾಲುವೆ ದಂಡೆ ಮೇಲೆ ಸಪಾಟು ರಸ್ತೆ ಇದೆಯಲ್ಲ, ಅಲ್ಲಿ ಓಡಿಸ್ತೀನಿ. ಕಾಲಲ್ಲಿ ಇನ್ನೂ ಶಕ್ತಿ ಇದೆ."

"ನಿಲ್ಲಿಸೋದು ಹೇಗೆ?" ಎಂದ ಅವನು, ನೆಲ ನೋಡುತ್ತಲೇ.

"ಕಾಲಲ್ಲಿ," ಎಂದಳು ಕಡ್ಡಿಯಕ್ಕ. ಕಪಾಟಿನ ಕೆಳಗಿನ ಖಾನೆಯಿಂದ ಗುಂಡುಕಲ್ಲಿನಂಥ ಒಂದು ಹಬ್ಬನ್ನು ತೆಗೆದು ಮೇಜಿನ ಮೇಲೆ ಧೊಪ್ಪೆಂದು ಇಟ್ಟಳು. "ಮಕ್ಕಳ ಸೈಕಲ್ಲಿಗೆ ಹಾಕೋದು. ಹಿಂದಕ್ಕೆ ತುಳಿದ್ರೆ ನಿಲ್ಲುತ್ತೆ. ಬೆರಳೇ ಬೇಡ. ರಿಮ್ಮಿಗೆ ಬ್ರೇಕ್ ತಾಗೋದೇ ಇಲ್ಲ, ಹಾಗಾಗಿ ಒದ್ದೆ, ಬಿಸಿ ಯಾವುದರ ತಂಟೆಯೂ ಇಲ್ಲ. ಗೇರ್ ಮಾತ್ರ ಹೋಗುತ್ತೆ. ಸಪಾಟು ರಸ್ತೆಗೆ ಗೇರ್ ಯಾಕೆ?"

ಅವನು ಹಬ್ಬನ್ನು ಎತ್ತಿ ನೋಡಿದ. "ಇದು ಸಿಕ್ಕಾಪಟ್ಟೆ ಭಾರ."

"ಭಾರವೇ. ಕಾರ್ಬನ್ನಲ್ಲಿ ನೀವು ಉಳಿಸೋದನ್ನೆಲ್ಲ ಇದು ನುಂಗಿ ನೀರು ಕುಡಿಯುತ್ತೆ."

"ಮತ್ತೆ ಕಾರ್ಬನ್ ಯಾಕೆ?"

ಕಡ್ಡಿಯಕ್ಕ ಸಿಸ್ಟರಮ್ಮನ ಕಡೆ ನೋಡಿದಳು. ಇದಕ್ಕೆ ಉತ್ತರ ಕೊಡಬೇಕಾದವಳು ಅವಳು ಎಂಬಂತೆ.

"ತುಳಿಯೋಕೆ," ಎಂದಳು ಸಿಸ್ಟರಮ್ಮ. "ಹೊರೋಕಲ್ಲ ರೀ. ತುಳಿಯೋಕೆ. ಗಾಲಿಯ ಅಂಚು ಹಗುರ ಇದ್ರೆ ತುಳಿಯೋಕೆ ಸಲೀಸು ಅಂತ ನೀವೇ ಹೇಳಿದ್ರಲ್ಲ. ಕಾಲು ಇನ್ನೆಷ್ಟು ದಿನವೋ. ಇರೋಷ್ಟು ದಿನ ಸಲೀಸಾಗಿ ತುಳೀತೀನಿ."

"ಹೊರೋದು?"

"ನೀವು ಹೊರಿ," ಎಂದಳು.

ಅವನು ಕನ್ನಡಕ ಹಾಕಿಕೊಂಡ. ಗೋಡೆಯ ಕಡೆ ತಿರುಗಿ ತೂಗುಹಾಕಿದ ರಿಮ್ಮುಗಳನ್ನು ನೋಡತೊಡಗಿದ. ಕಡ್ಡಿಯಕ್ಕ ಆ ಹೊತ್ತಿಗೆ ಅಂಗಡಿಯ ಹಿಂಬದಿಯಲ್ಲಿ ಏನನ್ನೋ ಹುಡುಕಲು ಹೋದಳು, ಹುಡುಕುವಂಥದ್ದೇನೂ ಅಲ್ಲಿರಲಿಲ್ಲ. ತಿರುಗಿ ಬಂದವಳು, ಅಗಲದ ರಿಮ್ಮನ್ನು ಪಕ್ಕಕ್ಕೆ ಸರಿಸಿ, ಸಾದಾ ರಿಮ್ಮನ್ನು ಮುಂದಿಟ್ಟಳು.

"ಇದು ಹಾಕಿ. ಕಾಲುವೆ ಮೇಲೆ ಅಡ್ಡಗಾಳಿ ಬೀಸುತ್ತೆ. ಅಗಲದ ರಿಮ್ ಹಾಯಿಪಟ ಇದ್ದ ಹಾಗೆ, ಗಾಳಿ ತಳ್ಳಿದ್ರೆ ಹ್ಯಾಂಡಲ್ ತಿರುಗಿಬಿಡುತ್ತೆ. ನಿಮ್ಮ ಕೈ ತಡೀಬೇಕಲ್ಲ. ಕಡ್ಡಿ ನಾನು ಜಾಸ್ತಿನೇ ಹಾಕ್ತೀನಿ. ತೂಕ ಜಾಸ್ತಿ ಆಯ್ತು ಅನ್ಬೇಡಿ."

"ಅನ್ನಲ್ಲ," ಎಂದ ಅವನು, ಗೋಡೆಗೇ.

ಗಾಲಿಗಳು ಸಿದ್ಧವಾದ ಮೇಲೆ ಅವನು ಅಭ್ಯಾಸಬಲದಿಂದ ಸೈಕಲ್ಲನ್ನು ತಕ್ಕಡಿಗೆ ತೂಗುಹಾಕಿದ. ಹಳೆಯ ಗಾಲಿಗಳಿದ್ದಾಗಿನದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ತಕ್ಕಡಿಯನ್ನು ಕೆಳಗಿಟ್ಟು, ಸೈಕಲ್ಲನ್ನು ಮಡಚಿ ತೋಳಿಗೇರಿಸಿಕೊಂಡು, "ನಡಿ," ಎಂದ. ಅವಳು ಕಂಬಿ ಹಿಡಿದು ಹಿಂದೆ ಹಿಂದೆ ಮೆಟ್ಟಿಲಿಳಿದಳು.

ಕಾಲುವೆ ದಂಡೆಯ ರಸ್ತೆ ನೆಟ್ಟಗೆ ಹಳೆಯ ಸೇತುವೆಯವರೆಗೆ ಹೋಗುತ್ತದೆ. ಬೆಳಗಿನ ಹೊತ್ತು ಅಲ್ಲಿ ಜನ ಕಡಿಮೆ. ಮೊದಲ ದಿನ ಅವಳು ಅಂಜುತ್ತಲೇ ಪೆಡಲಿನ ಮೇಲೆ ಕಾಲಿಟ್ಟಳು. ಒಂದು ಸಲ ತುಳಿದದ್ದೇ ತಡ, ಗಾಲಿಗಳು ಅವಳನ್ನು ಕೇಳದೆಯೇ ಮುಂದೆ ಹೋದವು. ಅಡಿಯಲ್ಲಿ ಗುಂಯ್ ಎಂಬ ಟೊಳ್ಳು ಸದ್ದು. ನೀರಿನ ಮೇಲಿಂದ ಗಾಳಿ ಬಂತು. ಹ್ಯಾಂಡಲ್ಲು ಅಲುಗಿತು, ತಿರುಗಲಿಲ್ಲ. ಕಾಯಿಲೆ ಹಿಡಿದ ಮೇಲೆ ತನ್ನ ಮೈ ತನ್ನ ಮಾತು ಕೇಳಿದ್ದು ಇದೇ ಮೊದಲು ಎನ್ನಿಸಿತು ಅವಳಿಗೆ. ಹಿಂದಕ್ಕೆ ತುಳಿದು ನೋಡಿದಳು. ಗಕ್ಕೆಂದು ನಿಂತಿತು. ಮತ್ತೆ ಹೊರಟಳು, ಮತ್ತೆ ನಿಲ್ಲಿಸಿದಳು, ಹೊಸ ಆಟದ ಸಾಮಾನು ಸಿಕ್ಕ ಹುಡುಗಿಯ ಹಾಗೆ.

ಅವನು ಹಿಂದೆ ನಡೆದು ಬರುತ್ತಿದ್ದ, ಭುಜಕ್ಕೆ ಟೀ ಫ್ಲಾಸ್ಕು ತೂಗುಹಾಕಿಕೊಂಡು. ಅವಳು ಸೇತುವೆ ಮುಟ್ಟಿ ತಿರುಗಿ ಬರುವಾಗ ಅವನು ಅರ್ಧ ದಾರಿಗೆ ಬಂದಿರುತ್ತಿದ್ದ. "ಹೇಗಿದೆ?" ಎಂದು ದೂರದಿಂದಲೇ ಕೂಗುವನು. "ನೀವು ಹತ್ತಿ ನೋಡಿ, ಗೊತ್ತಾಗುತ್ತೆ!" ಎಂದು ಅವಳು ಕೂಗಿಕೊಂಡೇ ಅವನನ್ನು ದಾಟಿ ಹೋಗುವಳು. ಆ ಮೊದಲ ದಿನ ಮನೆಗೆ ಬಂದು ಇಬ್ಬರೂ ಹೊಟ್ಟೆತುಂಬ ಉಂಡರು. ಅತ್ತೆ, "ಏನ್ರೋ, ಹೊಸದಾಗಿ ಮದುವೆ ಆದೋರ ಥರ," ಎಂದರು.

ಬೇಸಿಗೆ ಪೂರ್ತಿ ಹಾಗೆ ನಡೆಯಿತು. ಆ ಬೇಸಿಗೆಯನ್ನು ನೆನೆದರೆ ಅವಳಿಗೆ ಆಮೇಲೂ ನಗು ಬರುತ್ತಿತ್ತು. ಆದರೆ ಕಾಯಿಲೆ ತನ್ನ ದಾರಿ ತಪ್ಪಲಿಲ್ಲ. ಹೊರಡುವಾಗ ಅವನು ಸೀಟು ಹಿಡಿದುಕೊಳ್ಳಬೇಕಾಯಿತು. ಸೇತುವೆಯವರೆಗೆ ಹೋಗುತ್ತಿದ್ದವಳು ನಡುವಿನ ಕಲ್ಲುಬೆಂಚಿನಿಂದಲೇ ಹಿಂತಿರುಗತೊಡಗಿದಳು. ಎಡಗಾಲು ಆಗಾಗ ಪೆಡಲಿನಿಂದ ಜಾರಿ ನೆಲ ಸವರುತ್ತಿತ್ತು.

ಮೋಡ ಕವಿದ ಒಂದು ಬೆಳಿಗ್ಗೆ ಅವಳಿಗೆ ಹಟ ಬಂತು. ಸೇತುವೆ ಮುಟ್ಟಿಯೇ ಬರುತ್ತೇನೆ ಎಂದು ಹೊರಟಳು. ಮುಟ್ಟಿದಳು ಕೂಡ. ಹಿಂದಕ್ಕೆ ತುಳಿದು, ಸೇತುವೆಯ ಕಟಕಟೆಗೆ ಕೈ ಊರಿ ನಿಂತಳು. ತಿರುಗಿಸಬೇಕು ಅನ್ನುವಾಗ ಕಾಲು ಏಳಲಿಲ್ಲ. ಇಳಿಯಲೂ ಆಗಲಿಲ್ಲ, ತುಳಿಯಲೂ ಆಗಲಿಲ್ಲ. ಕಟಕಟೆಯನ್ನು ಮೊಣಕೈಯಿಂದ ತಬ್ಬಿಕೊಂಡು, ಸೀಟಿನ ಮೇಲೆ ಹಾಗೆಯೇ ಕೂತಳು. ಕೂಗೋಣವೆಂದರೆ ದನಿ ಅಷ್ಟು ದೂರ ಹೋಗದು. ಕೆಳಗೆ ಕಾಲುವೆಯ ನೀರು ಹಸಿರಾಗಿ, ಸದ್ದಿಲ್ಲದೆ ಹರಿಯುತ್ತಿತ್ತು.

ಬಹಳ ದೂರದಲ್ಲಿ ಅವನು ಕಂಡ. ಮೊದಲು ಎಂದಿನಂತೆ ನಡೆದು ಬರುತ್ತಿದ್ದ. ಆಮೇಲೆ ಬೇಗ ಬೇಗ. ಆಮೇಲೆ ಓಡತೊಡಗಿದ. ಫ್ಲಾಸ್ಕು ಸೊಂಟಕ್ಕೆ ಬಡಿಯುತ್ತಿತ್ತು. ಅದನ್ನು ಕಿತ್ತು ರಸ್ತೆಯ ಪಕ್ಕಕ್ಕೆ ಎಸೆದು ಓಡಿದ. ಅಷ್ಟು ಜೋರಾಗಿ ಅವನು ಓಡಿದ್ದನ್ನು ಅವಳು ಮದುವೆಯಾದಂದಿನಿಂದ ನೋಡಿರಲಿಲ್ಲ.

"ಇಳಿಯೋಕೆ ಆಗ್ತಿಲ್ಲ ರೀ," ಎಂದಳು ಅವನು ಬಂದ ಮೇಲೆ. ನಗುತ್ತಾ ಹೇಳಬೇಕೆಂದುಕೊಂಡಿದ್ದಳು. ಆಗಲಿಲ್ಲ.

ಅವನು ಏದುಸಿರು ಬಿಡುತ್ತಲೇ ಅವಳನ್ನು ಸೊಂಟಕ್ಕೆ ಕೈಹಾಕಿ ಎತ್ತಿ ಇಳಿಸಿದ. ಸೇತುವೆಯ ಮೆಟ್ಟಿಲಿನ ಮೇಲೆ ಕೂರಿಸಿ, ತಾನೂ ಕೂತ. ಸೈಕಲ್ಲು ಕಟಕಟೆಗೆ ಒರಗಿ ನಿಂತಿತ್ತು.

"ಸಾಕು ರೀ," ಎಂದಳು.

ಅವನು "ಇಲ್ಲ" ಎನ್ನುತ್ತಾನೆ, ಸೀಟು ಇನ್ನೂ ಕೆಳಗಿಳಿಸೋಣ, ಪೆಡಲಿಗೆ ಪಟ್ಟಿ ಕಟ್ಟೋಣ ಎನ್ನುತ್ತಾನೆ ಎಂದು ಅವಳು ಕಾದಳು. ಅವನು ಹೂಂ ಎಂದ, ಅಷ್ಟೆ. ಅವಳನ್ನು ನಡೆಸಿಕೊಂಡು, ಒಂದೊಂದು ಬೆಂಚಿನ ಮೇಲೂ ಕೂರಿಸಿ ಎಬ್ಬಿಸಿ, ಇನ್ನೊಂದು ತೋಳಿನಲ್ಲಿ ಮಡಚಿದ ಸೈಕಲ್ಲು ಹೊತ್ತುಕೊಂಡು ಮನೆ ಸೇರಿದ. ಬಾಗಿಲು ತೆಗೆದ ಅತ್ತೆ ಇಬ್ಬರ ಮುಖ ನೋಡಿ ಬಿಸಿನೀರು ಕಾಯಿಸಲು ಹೋದರು.

ಸೈಕಲ್ಲನ್ನು ಯಾರಿಗಾದರೂ ಕೊಡೋಣವೆಂದು ಅವಳೇ ಹೇಳಿದಳು. ಅವಳ ಬದಲಿಗೆ ವಾರ್ಡಿಗೆ ಬಂದಿದ್ದ ಹೊಸ ನರ್ಸು, ಅವಳಷ್ಟೇ ಎತ್ತರದವಳು, ಬಂದು ತೆಗೆದುಕೊಂಡು ಹೋದಳು. ಅದು ಕಾರ್ಬನ್ ಎಂದು ಆಕೆಗೆ ಗೊತ್ತಿರಲಿಲ್ಲ, ಅವರೂ ಹೇಳಲಿಲ್ಲ. ಕಾಲಲ್ಲಿ ನಿಲ್ಲಿಸುವುದು ಹೇಗೆಂದು ಮಾತ್ರ ಅವನು ಕೆಳಗೆ ಬೀದಿಯಲ್ಲಿ ನಿಂತು ಎರಡೆರಡು ಸಲ ಹೇಳಿಕೊಟ್ಟ.

ಚಳಿ ಬರುವ ಹೊತ್ತಿಗೆ ಅವಳಿಗೆ ಗೋಡೆ ಹಿಡಿದು ನಡೆಯುವುದೂ ಕಷ್ಟವಾಯಿತು. ಒಂದು ಸಂಜೆ ಅವನು ಅಂಗಡಿಯಿಂದ ಬಂದವನೇ ಫೋನಿನಲ್ಲಿ ಗಾಲಿಕುರ್ಚಿಗಳ ಚಿತ್ರ ತೆರೆದು ಅವಳ ಪಕ್ಕದಲ್ಲಿ ಹಿಡಿದ. "ಇದು ನೋಡು, ಅಲ್ಯೂಮಿನಿಯಂ. ಇದು ಇನ್ನೂ ಹಗುರ. ಮೆಟ್ಟಿಲು ಇಳಿಸೋಕೆ..."

"ಅದು ನಾಳೆ ನೋಡೋಣ. ಇಲ್ಲಿ ಕೂತ್ಕೊಳ್ಳಿ," ಎಂದಳು. ಅವಳ ಮಾತು ಆಗಲೇ ಸ್ವಲ್ಪ ತೊದಲುತ್ತಿತ್ತು. ಅವನಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು.

ಅವನು ಮಂಚದ ಅಂಚಿನಲ್ಲಿ ಕೂತ. ಅವಳ ಕೈಯನ್ನು ತನ್ನ ಅಂಗೈಯಲ್ಲಿಟ್ಟು, ಹೆಬ್ಬೆರಳಿನ ಬುಡದ ಗುಳಿಯನ್ನು ಮೆಲ್ಲಗೆ ತಡವಿದ. ಅಡಿಗೆಮನೆಯಲ್ಲಿ ಅತ್ತೆ ಪಾತ್ರೆ ತೊಳೆಯುವ ಸದ್ದು. ಕಿಟಕಿಯ ಕಡೆ ನೋಡುತ್ತ ಕೇಳಿದ: "ಭಯ ಆಗುತ್ತಾ?"

ಡಾಕ್ಟರ ಕೋಣೆಯಿಂದ ಎದ್ದು ಬಂದಂದಿನಿಂದ ಅವಳು ಈ ಪ್ರಶ್ನೆಗೆ ಕಾದಿದ್ದಳು. "ಆಗುತ್ತೆ," ಎಂದಳು. "ನಿಮಗೆ?"

"ನಂಗೆ ಮೊದಲ ದಿನದಿಂದ." ಅವನ ಗಲ್ಲದ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ನಿಂಗೆ ಯಾವುದಕ್ಕೆ ಭಯ? ಹೇಳು."

ಅವಳು ಯೋಚಿಸಿದಳು. "ಮಾತು ಪೂರ್ತಿ ನಿಂತುಹೋಗುತ್ತಲ್ಲ, ಅದಕ್ಕೆ. ನಿಮ್ಮನ್ನ ಬೈಯೋಕೆ ಆಗಲ್ಲ ಆಮೇಲೆ."

"ಈಗಲೇ ಬೈದಿಟ್ಟುಬಿಡು ಎಲ್ಲ."

ಅವಳಿಗೆ ನಗು ಬಂತು. ಅದು ಎದೆಯಿಂದ ಬರಬೇಕಾದರೆ ಈಗ ಕಷ್ಟಪಡಬೇಕಿತ್ತು, ಆದರೂ ಬಂತು. ಅವನೂ ನಕ್ಕ, ಮೂಗು ಕಟ್ಟಿಕೊಂಡು. ಆಮೇಲೆ ಅವನ ತಲೆ ಅವಳ ಭುಜದ ಮೇಲೆ ಬಿತ್ತು. ಅವನು ಅಳುವುದನ್ನು ಅವಳು ಮೈಯಲ್ಲೇ ಕೇಳಿದಳು. ತಲೆ ಸವರಬೇಕೆಂದು ಕೈ ಎತ್ತಲು ನೋಡಿದಳು. ಏಳಲಿಲ್ಲ. ಕೆನ್ನೆಯನ್ನು ಅವನ ಕೂದಲಿಗೆ ಒತ್ತಿದಳು.

"ಏನ್ರೋ ಅದು?" ಎಂದು ಅತ್ತೆ ಒಳಗಿನಿಂದ ಕೂಗಿದರು. ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ನೋಡಿದರು. ದೀಪ ಹಾಕಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮೆಲ್ಲಗೆ ಬಂದು ಮಂಚದ ಇನ್ನೊಂದು ಬದಿಗೆ ಕೂತು, ಸೊಸೆಯ ತಣ್ಣಗಾದ ಪಾದಗಳನ್ನು ಎತ್ತಿ ತಮ್ಮ ಮಡಿಲಿನಲ್ಲಿಟ್ಟುಕೊಂಡರು.